ತಿಪಟೂರಿನ ಚಿಪ್ಪಿನ ಇದ್ದಿಲು ಪಾವಗಡದ ಫ್ಲೋರೈಡ್ ತೆಗೆಯುತ್ತಾ?

ತುಮಕೂರು: ಜಿಲ್ಲೆಯ ಒಂದು ತುದಿಯಲ್ಲಿ ತಿಪಟೂರು. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವುದು ಚಿಪ್ಪಿನ ರಾಶಿ. ಇನ್ನೊಂದು ತುದಿಯಲ್ಲಿ ಪಾವಗಡ. ಅಲ್ಲಿ ಬೋರ್ ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬರುತ್ತೆ. ಒಂದು ಕಡೆ ಇದ್ದಿಲಿಗೆ ಬೇಕಾದ ಮಾಲು, ಇನ್ನೊಂದು ಕಡೆ ಶುದ್ಧ ಮಾಡಬೇಕಾದ ನೀರು. ಎರಡನ್ನೂ ಜೋಡಿಸಿಬಿಟ್ಟರೆ ಆಯ್ತಲ್ಲ ಅನ್ನುವುದು ಯಾರಿಗಾದರೂ ಹೊಳೆಯುವ ಯೋಚನೆ.

ಆ ಯೋಚನೆಗೆ ಈಗ ‘ಬಯೋಚಾರ್’ ಅನ್ನುವ ಹೆಸರು ಬಂದಿದೆ. ಬೆಳೆ ತ್ಯಾಜ್ಯದಿಂದ ಮಾಡಿದ ಇದ್ದಿಲು ಮಣ್ಣಿಗೂ ಒಳ್ಳೆಯದು, ನೀರನ್ನೂ ಶುದ್ಧ ಮಾಡುತ್ತೆ, ಹೊಗೆಯೂ ಕಡಿಮೆ, ರೈತನಿಗೆ ಕಾಸೂ ಬರುತ್ತೆ ಅನ್ನುವ ಮಾತು ಮೊಬೈಲ್ ವಿಡಿಯೊಗಳಲ್ಲಿ ಧಾರಾಳವಾಗಿ ಸಿಗುತ್ತೆ. ಅದರಲ್ಲಿ ನಿಜವೂ ಇದೆ. ಆದರೆ ಪಾವಗಡ, ಶಿರಾ, ಮಧುಗಿರಿ ಕಡೆಯ ಮನೆಗಳಿಗೆ ಮುಖ್ಯವಾದ ಪ್ರಶ್ನೆ ಒಂದೇ: ಫ್ಲೋರೈಡ್ ಹೋಗುತ್ತಾ?

ನೇರ ಉತ್ತರ: ಬರೀ ಇದ್ದಿಲಿನಿಂದ ಹೋಗಲ್ಲ. ನೀರು ತಿಳಿಯಾಗಬಹುದು, ವಾಸನೆ ಹೋಗಬಹುದು, ರುಚಿಯೂ ಬದಲಾಗಬಹುದು. ಫ್ಲೋರೈಡ್ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತೆ. ಅಪಾಯ ಇರುವುದೂ ಇಲ್ಲೇ. ರುಚಿ ಚೆನ್ನಾಗಿದೆ ಅಂತ ನಂಬಿ ಅದೇ ನೀರನ್ನು ಮಕ್ಕಳಿಗೆ ಹತ್ತು ವರ್ಷ ಕುಡಿಸಿದರೆ ಹಲ್ಲಿನ ಮೇಲೆ ಕಂದು ಕಲೆ ಬಂದಮೇಲಷ್ಟೇ ಗೊತ್ತಾಗುತ್ತೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಏರುತ್ತೆ.

ಇದ್ದಿಲು ಏನು ಹಿಡಿಯುತ್ತೆ, ಏನು ಬಿಡುತ್ತೆ

ಬಯೋಚಾರ್ ಅಂದರೆ ಗಾಳಿ ಕಡಿಮೆ ಮಾಡಿ ಸುಟ್ಟ ಕೃಷಿ ತ್ಯಾಜ್ಯ, ಅಷ್ಟೇ. ತೆಂಗಿನ ಚಿಪ್ಪು, ಕಡಲೆಕಾಯಿ ಸಿಪ್ಪೆ, ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ತೊಗರಿ ಕಡ್ಡಿ, ಯಾವುದಾದರೂ ಆದೀತು. (ರಾಗಿ ಹುಲ್ಲನ್ನು ಈ ಪಟ್ಟಿಗೆ ಸೇರಿಸುವವರೂ ಇದ್ದಾರೆ. ಅಂಥವರು ಮನೆಯಲ್ಲಿ ದನ ಕಟ್ಟಿದವರಲ್ಲ ಅಂತಲೇ ಲೆಕ್ಕ.) ಪೂರ್ತಿ ಗಾಳಿ ಸಿಕ್ಕರೆ ಉರಿದು ಬೂದಿಯಾಗುತ್ತೆ. ಗಾಳಿ ತಡೆದು 300ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಒಳಗಿನ ಅನಿಲ, ಎಣ್ಣೆಯಂಶ ಹೊರಟುಹೋಗಿ ಸಣ್ಣ ಸಣ್ಣ ತೂತುಗಳಿರುವ ಇಂಗಾಲ ಉಳಿಯುತ್ತೆ.

ಆ ತೂತುಗಳ ಗೋಡೆಗಳೇ ಇದ್ದಿಲಿನ ಬಂಡವಾಳ. ನೀರಿನಲ್ಲಿರುವ ಕೆಲವು ವಸ್ತುಗಳು ಹಾದುಹೋಗುವಾಗ ಆ ಗೋಡೆಗೆ ಅಂಟಿಕೊಳ್ಳುತ್ತವೆ. ಕೀಟನಾಶಕದ ಅಂಶ, ಬಟ್ಟೆಗೆ ಹಾಕುವ ಬಣ್ಣ, ಕೊಳೆತ ಎಲೆ-ಪಾಚಿಯ ವಾಸನೆ, ನಲ್ಲಿ ನೀರಿನ ಕ್ಲೋರಿನ್, ಇವೆಲ್ಲ ಇದ್ದಿಲಿಗೆ ಒಗ್ಗುವ ಮಾಲು. ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಒಂದಷ್ಟು ಹಿಡಿಯುತ್ತೆ. ಈ ಲೋಹಗಳು ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುತ್ತವೆ, ಇದ್ದಿಲಿನ ಮೈ ಸಾಮಾನ್ಯ ನೀರಿನಲ್ಲಿ ಹೆಚ್ಚಾಗಿ ಋಣ. ಹಾಗಾಗಿ ಒಂದನ್ನೊಂದು ಸೆಳೆಯುತ್ತವೆ.

ಫ್ಲೋರೈಡ್ ಎಡವುವುದು ಇಲ್ಲೇ. ಅದೂ ಋಣ, ಇದ್ದಿಲೂ ಋಣ. ಅಯಸ್ಕಾಂತದ ಒಂದೇ ಬಗೆಯ ಎರಡು ತುದಿ ಎದುರುಬದುರು ಹಿಡಿದ ಹಾಗೆ. ಜೊತೆಗೆ ಫ್ಲೋರೈಡ್ ಇರುವ ಬೋರ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತೆ, ಬೈಕಾರ್ಬೊನೇಟ್ ಜಾಸ್ತಿ. ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಖನಿಜ ಕರಗಿಸಿಕೊಂಡು ಬಂದ ನೀರು ಅದು. ಆ ಬೈಕಾರ್ಬೊನೇಟ್ ಕೂಡ ಜಾಗಕ್ಕೆ ಪೈಪೋಟಿಗೆ ಬರುತ್ತೆ. ನೀರಿನ ಗಡಸುತನ, ಉಪ್ಪಿನಂಶ, ಗೊಬ್ಬರದಿಂದ ಇಳಿದ ನೈಟ್ರೇಟ್ ವಿಷಯದಲ್ಲೂ ಸಾದಾ ಇದ್ದಿಲಿನಿಂದ ಹೆಚ್ಚು ನಿರೀಕ್ಷೆ ಬೇಡ.

ಹಾಗಾದರೆ ‘ಇದ್ದಿಲು ಫ್ಲೋರೈಡ್ ತೆಗೆಯುತ್ತೆ’ ಅನ್ನುವ ಮಾತು ಎಲ್ಲಿಂದ ಬಂತು? ಎರಡು ಮೂಲ ಇವೆ. ಒಂದು, ಮೂಳೆ ಇದ್ದಿಲು. ಕೆನ್ಯಾ, ಇಥಿಯೋಪಿಯಾದಂಥ ದೇಶಗಳಲ್ಲಿ ದನದ ಮೂಳೆ ಸುಟ್ಟು ಮಾಡಿದ ಇದ್ದಿಲಿನಿಂದ ಫ್ಲೋರೈಡ್ ತೆಗೆಯುವ ಫಿಲ್ಟರುಗಳು ನಿಜವಾಗಿಯೂ ಬಳಕೆಗೆ ಬಂದಿವೆ. ಅಲ್ಲಿ ಕೆಲಸ ಮಾಡುವುದು ಇಂಗಾಲವಲ್ಲ, ಮೂಳೆಯಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್. ಚಿಪ್ಪಿನಲ್ಲಿ ಅದು ಇಲ್ಲ. ಇಲ್ಲಿನ ಎಷ್ಟು ಅಡುಗೆಮನೆಗಳು ಮೂಳೆ ಇದ್ದಿಲನ್ನು ಒಳಗೆ ಬಿಟ್ಟುಕೊಳ್ಳುತ್ತವೆ ಅನ್ನುವುದು ಬೇರೆ ಮಾತು.

ಎರಡನೆಯ ಮೂಲ, ಪ್ರಯೋಗಾಲಯಗಳ ವರದಿ. ಬೆಳೆ ತ್ಯಾಜ್ಯದ ಇದ್ದಿಲನ್ನು ಅಲ್ಯೂಮಿನಿಯಂ ಅಥವಾ ಕಬ್ಬಿಣದ ಲವಣದಲ್ಲಿ ನೆನೆಸಿ, ಒಣಗಿಸಿ, ಮತ್ತೆ ಕಾಯಿಸಿದರೆ ಅದು ಫ್ಲೋರೈಡ್ ಹಿಡಿಯುತ್ತೆ. ಇದು ನಿಜ. ಆದರೆ ಹಿಡಿಯುವ ಕೈ ಅಲ್ಯೂಮಿನಿಯಂನದು. ಇದ್ದಿಲು ಬರೀ ಅದನ್ನು ಹೊತ್ತು ನಿಂತ ಹಲಗೆ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ತೆಗೆಯಲು ಹೆಸರಾದ, 2007ರಲ್ಲಿ ಅಮೆರಿಕದ ಗ್ರೇಂಜರ್ ಬಹುಮಾನ ಪಡೆದ ‘ಸೊನೊ’ ಫಿಲ್ಟರಿನಲ್ಲೂ ಇದೇ ಕಥೆ. ಅದರಲ್ಲಿ ಮರಳು ಇದೆ, ಇಟ್ಟಿಗೆ ಚೂರು ಇದೆ, ಕಟ್ಟಿಗೆ ಇದ್ದಿಲೂ ಇದೆ. ಆರ್ಸೆನಿಕ್ ಹಿಡಿಯುವುದು ಮಾತ್ರ ಒಳಗಿರುವ ಕಬ್ಬಿಣ.

ಒಂದು ಮನೆಯ ಲೆಕ್ಕ

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5.

ಐದು ಜನರ ಮನೆ, ಕುಡಿಯಲು-ಅಡುಗೆಗೆ ದಿನಕ್ಕೆ 20 ಲೀಟರ್, ಬೋರ್ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಅಂತ ಇಟ್ಟುಕೊಳ್ಳಿ. ಅದನ್ನು 1ಕ್ಕೆ ಇಳಿಸಲು ದಿನಕ್ಕೆ 40 ಮಿಲಿಗ್ರಾಂ ತೆಗೆಯಬೇಕು, ವರ್ಷಕ್ಕೆ 14.6 ಗ್ರಾಂ. ಕೇಳಲು ಒಂದು ಚಮಚದಷ್ಟು. ಆದರೆ ಫ್ಲೋರೈಡ್ ತೆಗೆಯಲೆಂದೇ ತಯಾರಾದ ಆಕ್ಟಿವೇಟೆಡ್ ಅಲ್ಯೂಮಿನಾ ಕೂಡ ಪ್ರಯೋಗಾಲಯದಲ್ಲಿ ಎಷ್ಟೇ ಹಿಡಿದರೂ, ಊರಿನ ನೀರಿನಲ್ಲಿ ಗ್ರಾಂಗೆ 1 ಮಿಲಿಗ್ರಾಂ ಆಸುಪಾಸಿಗೆ ಇಳಿದುಬಿಡುವುದುಂಟು. ಆ ಲೆಕ್ಕದಲ್ಲಿ ಒಂದು ಮನೆಗೆ ವರ್ಷಕ್ಕೆ ಸುಮಾರು 15 ಕೆ.ಜಿ. ಸಾವಿರ ಜನರ ಊರಿಗೆ ವರ್ಷಕ್ಕೆ 3 ಟನ್ ಹತ್ತಿರ. ಅಲ್ಯೂಮಿನಾವನ್ನಾದರೆ ಕಾಸ್ಟಿಕ್ ಸೋಡಾ, ಆಮ್ಲ ಹಾಕಿ ತೊಳೆದು ಮತ್ತೆ ಮತ್ತೆ ಬಳಸಬಹುದು. ಆ ತೊಳೆದ ನೀರಿನ ತುಂಬ ಫ್ಲೋರೈಡ್. ಅದನ್ನು ಎಲ್ಲಿ ಚೆಲ್ಲಬೇಕು ಅನ್ನುವುದು ಇನ್ನೊಂದು ತಲೆನೋವು.

ಅಲ್ಯೂಮಿನಿಯಂ ಲೇಪಿಸಿದ ಚಿಪ್ಪಿನ ಇದ್ದಿಲು ಊರಿನ ನೀರಿನಲ್ಲಿ ಇದಕ್ಕಿಂತ ಚೆನ್ನಾಗಿ ನಡೆದರೆ ಸಂತೋಷವೇ. ಆದರೆ ಅದನ್ನು ತೋರಿಸಬೇಕಾದ್ದು ಬಟ್ಟಿ ಇಳಿಸಿದ ನೀರಿಗೆ ಫ್ಲೋರೈಡ್ ಬೆರೆಸಿ ಅಲ್ಲ, ಊರಿನ ಬೋರ್ ನೀರನ್ನೇ ತಿಂಗಳುಗಟ್ಟಲೆ ಹರಿಸಿ. ಲೇಪದ ಅಲ್ಯೂಮಿನಿಯಂ ನೀರಿಗೆ ಬಿಟ್ಟುಕೊಳ್ಳುತ್ತಿಲ್ಲ ಅನ್ನುವುದನ್ನೂ ಜೊತೆಗೇ ತೋರಿಸಬೇಕು.

ಫ್ಲೋರೈಡ್ ತೆಗೆಯುವ ವಿಧಾನ ದೇಶಕ್ಕೆ ಹೊಸದಲ್ಲ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ಪಟಿಕ ಮತ್ತು ಸುಣ್ಣ ಬಳಸುವ ‘ನಲ್ಗೊಂಡ ವಿಧಾನ’ ಕೊಟ್ಟಿತ್ತು. ವಿಧಾನ ಸರಿಯೇ. ದಿನಾ ಅಳತೆ ನೋಡಿ ಹಾಕುವ ಕೈ, ತಳದಲ್ಲಿ ಕೂತ ಕೆಸರು ತೆಗೆಯುವ ಕೈ ಬೇಕು. ಇಂಥ ಯೋಜನೆಗಳು ಸೊರಗುವುದು ಹೆಚ್ಚಾಗಿ ಆ ಕೈಗಳಿಲ್ಲದೆ. ಇದ್ದಿಲಿನ ಘಟಕ ಬಂದರೂ ಆ ಕೈ ಬೇಕೇ ಬೇಕು.

ಸದ್ಯಕ್ಕೆ ಹಳ್ಳಿಗಳಲ್ಲಿ ಫ್ಲೋರೈಡಿಗೆ ಉತ್ತರ ಅಂದರೆ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ. ಒಳಗಿನ ಆರ್‌ಒ ಪೊರೆ ಚೆನ್ನಾಗಿದ್ದರೆ ಫ್ಲೋರೈಡಿನ ಬಹುಪಾಲು ಹೋಗುತ್ತೆ. ಅದರ ಬೆಲೆ, ಚರಂಡಿಗೆ ಹೋಗುವ ನೀರು. 100 ಲೀಟರ್ ಒಳಗೆ ಹೋಗಿ 40 ಲೀಟರ್ ಶುದ್ಧವಾಗಿ ಬಂದರೆ ಉಳಿದ 60 ಲೀಟರಿನಲ್ಲಿ ಫ್ಲೋರೈಡ್ 3ರಿಂದ 5 ಮಿಲಿಗ್ರಾಂ ಹತ್ತಿರಕ್ಕೆ ಏರಿರುತ್ತೆ. ಅದು ಘಟಕದ ಹಿಂದಿನ ಗುಂಡಿಯಲ್ಲೇ ಇಂಗಿದರೆ ತಿರುಗಿ ಅದೇ ನೆಲಕ್ಕೆ ಹೋಯ್ತು.

ಚಿಪ್ಪು ಇಲ್ಲಿಯದು, ಲಾಭ ಎಲ್ಲಿಯದು?

ಆ ಆರ್‌ಒ ಘಟಕದೊಳಗೆ ಉದ್ದನೆಯ ಎರಡು ಸಿಲಿಂಡರ್ ಇರುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಕಪ್ಪು ಹರಳು. ಆ ಕಪ್ಪು ಹರಳೇ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಚುರುಕುಗೊಳಿಸಿದ ಇದ್ದಿಲು. ಕ್ಲೋರಿನ್, ವಾಸನೆ ಹೀರಿ ಪೊರೆಯನ್ನು ಕಾಪಾಡುವುದು ಅದರ ಕೆಲಸ. ಮನೆಯ ವಾಟರ್ ಫಿಲ್ಟರಿನ ಕಾರ್ಬನ್ ಕಾರ್ಟ್ರಿಜ್ ಒಳಗೂ ಅದೇ. ಅದಕ್ಕೆ ಅತ್ಯುತ್ತಮ ಕಚ್ಚಾಮಾಲು ಅಂತ ಹೆಸರಾದದ್ದು ತೆಂಗಿನ ಚಿಪ್ಪು. ಗಟ್ಟಿ, ಬೂದಿ ಕಡಿಮೆ, ತೂತು ಬಲು ಸಣ್ಣ.

ತಿಪಟೂರು ಸೀಮೆಯ ಚಿಪ್ಪು ಹೋಗುವ ದಾರಿ ಇದೇ. ಮೂರು ಟನ್‌ಗೂ ಮೇಲೆ ಚಿಪ್ಪು ಸುಟ್ಟರೆ ಒಂದು ಟನ್ ಇದ್ದಿಲು. ಆ ಇದ್ದಿಲು ಮೂಟೆ ಕಟ್ಟಿ ಲಾರಿ ಹತ್ತುತ್ತೆ. ಚುರುಕುಗೊಳಿಸುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ತಮಿಳುನಾಡು, ಕೇರಳದಲ್ಲಿ. ಅಲ್ಲಿ 800ರಿಂದ 1,000 ಡಿಗ್ರಿಯಲ್ಲಿ ಹಬೆ ಹಾಯಿಸುತ್ತಾರೆ. ಆಗ ಒಳಗಿನ ತೂತುಗಳು ಬಿಚ್ಚಿಕೊಂಡು, ಒಂದು ಗ್ರಾಂ ಇದ್ದಿಲಿನ ಒಳಮೈ 1,000 ಚದರ ಮೀಟರ್ ಹತ್ತಿರಕ್ಕೆ ಹೋಗುತ್ತೆ. ಅಂದರೆ ಕಾಲು ಎಕರೆ, ಒಂದು ಚಿಟಿಕೆಯೊಳಗೆ. ಬೆಲೆ ಏರುವುದೂ ಆ ಹಂತದಲ್ಲೇ. ಇಲ್ಲಿ ಉಳಿಯುವುದು ಸುಟ್ಟವನ ಕೂಲಿ, ಊರಿನವರ ಪಾಲಿಗೆ ಹೊಗೆ.

ಹೊಗೆಯ ದೂರು ಹೊಸದಲ್ಲ. ಗುಂಡಿಯಲ್ಲಿ, ಡ್ರಮ್ಮಿನಲ್ಲಿ ಸುಡುವಾಗ ಹೊರಬರುವ ಅನಿಲ ಉರಿಯದೆ ಹಾಗೇ ಗಾಳಿಗೆ ಹೋಗುತ್ತೆ. ಕಾರ್ಬನ್ ಮಾನಾಕ್ಸೈಡ್, ಮೀಥೇನ್, ಟಾರ್ ಎಲ್ಲ ಅದರಲ್ಲಿರುತ್ತವೆ. ಮುಚ್ಚಿದ ಭಟ್ಟಿ ಕಟ್ಟಿ ಆ ಅನಿಲವನ್ನೇ ಉರುವಲಾಗಿ ಬಳಸಿದರೆ ಹೊಗೆಯೂ ತಗ್ಗುತ್ತೆ, ಇದ್ದಿಲೂ ಒಂದೇ ಹದಕ್ಕೆ ಬರುತ್ತೆ. ‘ಬಯೋಚಾರ್’ ಅನ್ನುವ ಹೊಸ ಹೆಸರಿಗೆ ಅರ್ಥ ಇರುವುದಾದರೆ ಈ ಭಟ್ಟಿಯಲ್ಲಿ. ಹಳೆ ಗುಂಡಿಗೇ ಹೊಸ ಬೋರ್ಡ್ ನೆಟ್ಟರೆ ಏನೂ ಬದಲಾಗಲ್ಲ.

ನೀರಿನ ದೃಷ್ಟಿಯಿಂದಲೂ ಇದು ಮುಖ್ಯ. ಅರೆಬರೆ ಬೆಂದ ಇದ್ದಿಲಿನಲ್ಲಿ ಟಾರಿನ ಅಂಶ ಉಳಿದಿರುತ್ತೆ. ಅದರಲ್ಲಿ ಆರೋಗ್ಯಕ್ಕೆ ಕೆಡುಕು ಮಾಡುವ ರಾಸಾಯನಿಕಗಳಿರುತ್ತವೆ. ಇದ್ದಿಲಿಗೆ ಅಂಟಿದ ಬೂದಿ ನೀರನ್ನು ಇನ್ನಷ್ಟು ಕ್ಷಾರ ಮಾಡುತ್ತೆ. ಒಲೆಗೆ ಬಳಸುವ ಇದ್ದಿಲನ್ನು ಮೂಟೆಯಿಂದ ಸುರಿದು ಕುಡಿಯುವ ನೀರಿನ ಡ್ರಮ್ಮಿಗೆ ಹಾಕುವುದು ಸರಿಯಲ್ಲ ಅನ್ನುವುದು ಇದಕ್ಕೇ.

ಚುರುಕುಗೊಳಿಸುವ ಕಾರ್ಖಾನೆ ಒಬ್ಬ ರೈತನ ಕೈಯಲ್ಲಾಗುವ ಕೆಲಸವಲ್ಲ. ಹಬೆ ಬಾಯ್ಲರ್, ಭಟ್ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಗುಣಮಟ್ಟದ ಪ್ರಯೋಗಾಲಯ ಎಲ್ಲ ಬೇಕು. ಆದರೆ ಮೊದಲ ಹಂತ, ಅಂದರೆ ಹೊಗೆಯಿಲ್ಲದ ಭಟ್ಟಿಯಲ್ಲಿ ಒಂದೇ ಗುಣಮಟ್ಟದ ಇದ್ದಿಲು ಮಾಡಿ, ಜರಡಿ ಹಿಡಿದು, ತೇವ-ಬೂದಿ ಅಳೆದು ಮಾರುವುದು ರೈತ ಉತ್ಪಾದಕ ಕಂಪನಿಗಳ ಅಳವಿನಲ್ಲಿದೆ. ಕೊಬ್ಬರಿಗೆ ಗ್ರೇಡ್ ನೋಡಿ ರೇಟ್ ಕಟ್ಟುವ ಪೇಟೆಗೆ ಇದ್ದಿಲಿನ ಗ್ರೇಡ್ ಅರ್ಥವಾಗದ ವಿಷಯವೇನಲ್ಲ.

ಹೊಳೆ ನೀರು ಬಂದ ಮೇಲೆ

ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ ಲೆಕ್ಕಾಚಾರವನ್ನೇ ಬದಲಿಸುತ್ತೆ. ಹೊಳೆ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಸಾಮಾನ್ಯವಾಗಿ ಇರಲ್ಲ. ನೀರು ಪ್ರತಿ ಊರಿಗೂ, ಪ್ರತಿ ದಿನವೂ ಬಂದರೆ ಅಲ್ಯೂಮಿನಾ, ಲೇಪದ ಇದ್ದಿಲು ಎಲ್ಲ ಪಕ್ಕಕ್ಕಿಡಬಹುದು. ಬಾರದ ದಿನ ವಾಟರ್‌ಮ್ಯಾನ್ ಮತ್ತೆ ಬೋರ್ ಮೋಟರ್ ಆನ್ ಮಾಡುತ್ತಾರೆ, ಅದೇ ಟ್ಯಾಂಕಿಗೆ ಅದೇ ನೀರು. ಯಾವ ದಿನ ಯಾವ ನೀರು ಅನ್ನುವುದು ನಲ್ಲಿ ತಿರುಗಿಸಿದವರಿಗೆ ಗೊತ್ತಾಗಲ್ಲ. ಟ್ಯಾಂಕಿನ ಪಕ್ಕದ ಬೋರ್ಡಿನಲ್ಲಿ ಅದನ್ನು ಬರೆಯುವುದಕ್ಕೆ ಪಂಚಾಯ್ತಿಗೆ ಯಾವ ಅನುದಾನವೂ ಬೇಕಿಲ್ಲ.

ವಿಚಿತ್ರ ಏನೆಂದರೆ, ಬೋರ್ ನೀರಿಗೆ ಒಗ್ಗದ ಸಾದಾ ಇದ್ದಿಲು ಹೊಳೆ ನೀರಿಗೆ ಚೆನ್ನಾಗಿ ಒಗ್ಗುತ್ತೆ. ತುಂಗಭದ್ರಾ ಜಲಾಶಯದ ನೀರು ಹಸಿರುಗಟ್ಟಿದ ಸುದ್ದಿ ಹಿಂದೆ ಬಂದಿದೆ. ಪಾಚಿಯ ವಾಸನೆ, ಹೊಲಗಳಿಂದ ಹರಿದು ಬರುವ ಔಷಧಿಯ ಅಂಶ, ದೂರದ ಪೈಪಿಗೆಂದು ಜಾಸ್ತಿ ಹಾಕಿದ ಕ್ಲೋರಿನ್, ಇವು ಇಂಗಾಲದ ಕೆಲಸ. ತಿಪಟೂರಿನ ಚಿಪ್ಪು ಪಾವಗಡಕ್ಕೆ ಉಪಕಾರ ಮಾಡುವುದಿದ್ದರೆ ಈ ದಾರಿಯಲ್ಲಿ ಮಾಡೀತು.

ಇನ್ನೊಂದು ದಾರಿ ಮಳೆ ನೀರು. ಪಾವಗಡದಲ್ಲಿ ಮಳೆಯೇ ಇಲ್ಲ ಅನ್ನುವ ಮಾತಿದೆ. ವರ್ಷಕ್ಕೆ 500 ಮಿಲಿಮೀಟರ್ ಅಂತಲೇ ಹಿಡಿಯಿರಿ. 30 ಚದರ ಮೀಟರ್ ತಾರಸಿಯ ಮೇಲೆ ಬೀಳುವುದು 15,000 ಲೀಟರ್. ಸೋರಿಕೆ, ಮೊದಲ ಮಳೆಯ ಕೊಳೆ ಕಳೆದು 12,000 ಉಳಿದರೂ ಆ ಐದು ಜನರ ಮನೆಗೆ ಕುಡಿಯಲು-ಅಡುಗೆಗೆ ವರ್ಷಕ್ಕೆ ಬೇಕಾದ್ದು 7,300 ಲೀಟರ್. ಕಷ್ಟ ಇರುವುದು ಕೂಡಿಡುವ ತೊಟ್ಟಿಯಲ್ಲಿ, ಅದಕ್ಕೆ ಹಣವೂ ಬೇಕು, ಜಾಗವೂ ಬೇಕು. ಮಳೆ ನೀರಿನಲ್ಲಿ ಫ್ಲೋರೈಡ್ ಹೆಸರಿಗಷ್ಟೇ. ಅದಕ್ಕೆ ಬೇಕಾದ್ದು ಜಲ್ಲಿ, ಮರಳು, ಮಧ್ಯೆ ತೊಳೆದ ಇದ್ದಿಲಿನ ಒಂದು ಪದರ ಇರುವ ಫಿಲ್ಟರ್. ಕುಡಿಯುವ ಮುಂಚೆ ಕುದಿಸಬೇಕು, ಅಥವಾ ಕ್ಲೋರಿನ್ ಹಾಕಬೇಕು. ಇದ್ದಿಲು ರೋಗಾಣು ಕೊಲ್ಲಲ್ಲ.

ಈ ಕೊನೆಯ ಮಾತನ್ನು ಹೋಟೆಲ್, ಬೇಕರಿ, ಟೀ ಅಂಗಡಿಯವರು ಗಮನಿಸಬೇಕು. ಕಾರ್ಬನ್ ಫಿಲ್ಟರ್ ನೀರಿನ ಕ್ಲೋರಿನ್ ತೆಗೆದುಬಿಡುತ್ತೆ. ಆಮೇಲೆ ಆ ನೀರಿಗೆ ಕಾವಲಿಲ್ಲ. ಹಳೆಯ ಕಾರ್ಬನ್ ಒಳಗೇ ಬ್ಯಾಕ್ಟೀರಿಯಾ ಗೂಡು ಕಟ್ಟುತ್ತೆ. ವರ್ಷಗಟ್ಟಲೆ ಬದಲಿಸದ ಕಾರ್ಟ್ರಿಜ್‌ಗಿಂತ ಕಾರ್ಟ್ರಿಜ್ ಇಲ್ಲದಿರುವುದೇ ಎಷ್ಟೋ ಸಲ ವಾಸಿ.

ಬಯೋಚಾರ್ ಫಿಲ್ಟರ್ ಅಂತ ಯಾರಾದರೂ ಅಂಗಡಿಗೋ ಪಂಚಾಯ್ತಿಗೋ ಬಂದರೆ ಮೊದಲು ಕೇಳಬೇಕಾದ್ದು ರೇಟಲ್ಲ. ಯಾವ ವಸ್ತು ತೆಗೆಯುತ್ತೆ? ಈ ಊರಿನ ನೀರು ಹಾಯಿಸಿ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅನ್ನುವ ಪರೀಕ್ಷಾ ವರದಿ ಇದೆಯಾ? ಎಷ್ಟು ಲೀಟರ್ ಆದಮೇಲೆ ಬದಲಿಸಬೇಕು? ಆಕ್ಟಿವೇಟೆಡ್ ಕಾರ್ಬನ್ ಅಂತ ಹೇಳಿದರೆ ‘ಅಯೋಡಿನ್ ನಂಬರ್’ ಎಷ್ಟು ಅಂತ ಕೇಳಿ. ಗ್ರಾಂ ಇದ್ದಿಲು ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತೆ ಅನ್ನುವ ಅಳತೆ ಅದು. ನೀರಿಗೆ ಬಳಸುವ ಒಳ್ಳೆಯ ಚಿಪ್ಪಿನ ಕಾರ್ಬನ್ ಸಾಮಾನ್ಯವಾಗಿ 900ರ ಮೇಲಿರುತ್ತೆ. ಸಾದಾ ಇದ್ದಿಲು ಅದರ ಹತ್ತಿರಕ್ಕೂ ಬರಲ್ಲ. ಪ್ರಶ್ನೆ ಕೇಳಿದ ಕೂಡಲೇ ಮಾತು ತಿರುಗಿಸಿದರೆ ಅಲ್ಲಿಗೆ ವ್ಯಾಪಾರ ಮುಗಿಯಿತು.

ನೀರಿನ ಪರೀಕ್ಷೆಗೆ ದೂರ ಹೋಗಬೇಕಿಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೇ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಒಂದು ಊರಿಗೆ ಐವರು ಅನ್ನುವುದು ಲೆಕ್ಕ. ಕಿಟ್ ಪಂಚಾಯ್ತಿಯ ಬೀರುವಿನಲ್ಲಿದೆಯಾ, ಅದರ ರಾಸಾಯನಿಕದ ಅವಧಿ ಮುಗಿದಿದೆಯಾ ಅಂತ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಕೇಳಬಹುದು. ಕಿಟ್‌ನಲ್ಲಿ ಹೆಚ್ಚು ಕಂಡರೆ ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಬೋರ್ ನೀರಿನಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ವ್ಯತ್ಯಾಸ ಬರುವುದರಿಂದ ಒಂದು ಸಲದ ವರದಿಯನ್ನೇ ವರ್ಷಪೂರ್ತಿ ನಂಬಿ ಕೂರಲು ಬರಲ್ಲ.

ಉಳಿದದ್ದು ಬಳಸಿ ಬಿಸಾಡಿದ ಇದ್ದಿಲು. ವಾಸನೆ, ಕ್ಲೋರಿನ್ ಹೀರಿದ್ದನ್ನು ತೆಂಗಿನ ಬುಡಕ್ಕೆ ಹಾಕಿದರೆ ತೊಂದರೆಯಿಲ್ಲ. ಲೋಹ, ಕೀಟನಾಶಕ ಅಥವಾ ಲೇಪದ ಮೂಲಕ ಫ್ಲೋರೈಡ್ ಹಿಡಿದದ್ದನ್ನು ಹಾಗೆ ಮಾಡಲು ಆಗಲ್ಲ. ಕೆರೆ ಅಂಗಳದಲ್ಲಿ ಸುರಿದರೆ ಹಿಡಿದದ್ದನ್ನು ನಿಧಾನಕ್ಕೆ ಬಿಟ್ಟುಕೊಡುತ್ತೆ. ಸಾವಿರ ಜನರ ಊರಿಗೆ ವರ್ಷಕ್ಕೆ 3 ಟನ್ ಅನ್ನುವ ಲೆಕ್ಕ ಹಿಡಿದರೆ, ಘಟಕ ಉದ್ಘಾಟನೆ ಆಗುವ ಮೊದಲೇ ಆ 3 ಟನ್ ಎಲ್ಲಿಗೆ ಹೋಗುತ್ತೆ ಅನ್ನುವುದು ಟೆಂಡರ್ ಕಾಗದದಲ್ಲಿ ಬರೆದಿರಬೇಕು.